ಒಂದು ಬಿಟ್‌ನ ತಪ್ಪು ಒಂದೇ ಬಿಟ್‌ನಲ್ಲಿ ನಿಲ್ಲಲು: ಸಂಕೇತಿತ ದತ್ತಾಂಶದಲ್ಲಿ ದೋಷ ಹರಡದಂತೆ ತಡೆಯುವ ಸಮಗ್ರ ಮಾರ್ಗದರ್ಶಿ

ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಅಕ್ಷರವು 11100000, 10110010, 10010101 ಎಂಬ ಮೂರು ಬೈಟ್‌ಗಳಾಗಿ ಕೂರುತ್ತದೆ. ಡಿಸ್ಕಿನಲ್ಲಿಯೋ ತಂತಿಯಲ್ಲಿಯೋ ಇದರ ಕೊನೆಯ ಬಿಟ್ 1 ಇದ್ದದ್ದು 0 ಆಯಿತೆನ್ನಿ. ‘ಕನ್ನಡ’ ಎಂಬ ಪದ ‘ಔನ್ನಡ’ ಆಗುತ್ತದೆ, ಅದರಾಚೆಗೆ ಒಂದಕ್ಷರವೂ ಕೆಡುವುದಿಲ್ಲ. ಮೊದಲ ಬೈಟೇ ಕೆಟ್ಟರೂ ಹಾನಿ ಆ ಒಂದು ಅಕ್ಷರದ ಜಾಗದಲ್ಲೇ ನಿಲ್ಲುತ್ತದೆ, ಏಕೆಂದರೆ ಅಕ್ಷರದ ಮುಂದುವರಿಕೆಯ ಬೈಟ್‌ಗಳೆಲ್ಲವೂ 10 ಎಂದೇ ಆರಂಭವಾಗುತ್ತವೆ ಮತ್ತು ಹೊಸ ಅಕ್ಷರದ ಮೊದಲ ಬೈಟ್ ಎಂದೂ ಹಾಗೆ ಆರಂಭವಾಗುವುದಿಲ್ಲ. ಓದುವ ತಂತ್ರಾಂಶವು ‘ನ’ ಅಕ್ಷರದ ಮೊದಲ ಬೈಟನ್ನು ಕಾಣುತ್ತಲೇ ಹಾದಿಗೆ ಮರಳುತ್ತದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಈ ಪದ್ಧತಿಯನ್ನು ರೂಪಿಸುವಾಗ ಈ ಗುಣವನ್ನು ಬೇಕೆಂದೇ ಇಟ್ಟರು.

ಅದೇ ಪಠ್ಯವನ್ನು ಜಿಜಿಪ್ ಎಂಬ ಸಂಕೋಚನ ತಂತ್ರಾಂಶದಿಂದ ಕುಗ್ಗಿಸಿ, ಕುಗ್ಗಿದ ಕಡತದ ಒಂದು ಬಿಟ್ ಅನ್ನು ತಿರುಗಿಸಿ ನೋಡಿದರೆ ಚಿತ್ರವೇ ಬೇರೆ. ಅಲ್ಲಿಂದ ಮುಂದಿನ ಪಠ್ಯವು ಕಲಸಿಹೋಗಬಹುದು, ಅಥವಾ ತಂತ್ರಾಂಶವು ಕಡತವನ್ನು ಅರ್ಧಕ್ಕೇ ಕೈಬಿಡಬಹುದು. ಎರಡೂ ಕಡೆ ತಪ್ಪಿದ್ದು ಒಂದೇ ಬಿಟ್. ಹಾನಿಯ ಅಳತೆಯನ್ನು ನಿರ್ಧರಿಸಿದ್ದು ಡಿಕೋಡರ್‌ನ, ಅಂದರೆ ಸಂಕೇತವನ್ನು ಮತ್ತೆ ಮೂಲರೂಪಕ್ಕೆ ತರುವ ಘಟ್ಟದ, ನೆನಪು: ಹಿಂದೆ ಓದಿದ್ದನ್ನು ಆಧರಿಸಿ ಮುಂದಿನದನ್ನು ಅರ್ಥೈಸುವ ಡಿಕೋಡರ್, ತಪ್ಪು ಓದನ್ನೂ ಅಷ್ಟೇ ನಂಬಿಕೆಯಿಂದ ಮುಂದಕ್ಕೆ ಒಯ್ಯುತ್ತದೆ. ಹೀಗಾಗಿ ದೋಷದ ಹರಡುವಿಕೆಯನ್ನು ತಗ್ಗಿಸುವ ಕೆಲಸವೆಂದರೆ ಆ ನೆನಪನ್ನು ಮೊಟಕುಗೊಳಿಸುವುದು, ಅದು ಸಾಧ್ಯವಿಲ್ಲದ ಕಡೆ ನೆನಪಿರುವ ಹಂತವನ್ನು ತಲುಪುವ ಮುನ್ನವೇ ದೋಷವನ್ನು ತಿದ್ದುವುದು. ಕೆಳಗಿನ ಹಂತಗಳೆಲ್ಲವೂ ಈ ಎರಡು ಉಪಾಯಗಳ ವಿಸ್ತರಣೆ.

ಹಂತ 1: ಸರಪಳಿಯನ್ನು ಬರೆದು, ನೆನಪಿರುವ ಕೊಂಡಿಗಳನ್ನು ಗುರುತಿಸಿ

ನಿಮ್ಮ ವ್ಯವಸ್ಥೆಯಲ್ಲಿ ದತ್ತಾಂಶವು ಹಾದುಹೋಗುವ ಪ್ರತಿಯೊಂದು ಘಟ್ಟವನ್ನೂ ಕಾಗದದ ಮೇಲೆ ಸಾಲಾಗಿ ಬರೆಯಿರಿ. ಸಾಮಾನ್ಯವಾಗಿ ಕಳುಹಿಸುವ ಕಡೆ ಸಂಕೋಚನ, ಗೂಢಲಿಪೀಕರಣ, ದೋಷ ತಿದ್ದುವ ಕೋಡ್, ಇಂಟರ್‌ಲೀವಿಂಗ್ (ಬೈಟ್‌ಗಳ ಸರದಿ ಬದಲಿಸಿ ಹರಡುವುದು), ಸ್ಕ್ರಾಂಬ್ಲರ್ ಅಥವಾ ಲೈನ್ ಕೋಡ್ (ಬಿಟ್‌ಗಳನ್ನು ತಂತಿಗೆ ಒಗ್ಗುವ ರೂಪಕ್ಕೆ ತರುವವು), ಕೊನೆಗೆ ಚಾನೆಲ್, ಅಂದರೆ ದತ್ತಾಂಶ ಸಾಗುವ ಮಾಧ್ಯಮ, ಎಂಬ ಅನುಕ್ರಮವಿರುತ್ತದೆ. ಓದುವ ಕಡೆ ಇದೆಲ್ಲವೂ ಹಿಂದುಮುಂದಾಗಿ ನಡೆಯುತ್ತದೆ. ಡಿಸ್ಕ್, ಟೇಪ್, ಫ್ಲ್ಯಾಶ್ ಮೆಮೊರಿಗಳೂ ಚಾನೆಲ್‌ಗಳೇ. ಅವು ಸಂದೇಶವನ್ನು ಊರಿಂದೂರಿಗೆ ಒಯ್ಯುವ ಬದಲು ಇಂದಿನಿಂದ ನಾಳೆಗೆ ಒಯ್ಯುತ್ತವೆ.

ಓದುವ ಕಡೆಯ ಪ್ರತಿ ಘಟ್ಟಕ್ಕೂ ಮೂರು ಪ್ರಶ್ನೆಗಳನ್ನು ಕೇಳಿ. ಒಳಬರುವ ಒಂದು ಬಿಟ್ ತಪ್ಪಾದರೆ ಹೊರಗೆ ಎಷ್ಟು ಬಿಟ್‌ಗಳು ತಪ್ಪುತ್ತವೆ? ಅವುಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಎಷ್ಟು ಅಂತರವಿರುತ್ತದೆ? ಬಿಟ್‌ಗಳ ಒಟ್ಟು ಎಣಿಕೆಯೇ ಹೆಚ್ಚುಕಡಿಮೆಯಾಗುವ ಸಂಭವವಿದೆಯೇ? ಮೊದಲ ಉತ್ತರವನ್ನು ಗುಣಕವೆಂದೂ ಎರಡನೆಯದನ್ನು ಹರವು ಎಂದೂ ಕರೆಯೋಣ. ಇವೆರಡನ್ನೂ ಬೇರೆಬೇರೆಯಾಗಿಯೇ ಬರೆದಿಡಬೇಕು, ಏಕೆಂದರೆ ಮುಂದೆ ಬರುವ ದೋಷ ತಿದ್ದುವ ಕೋಡ್‌ಗೆ ಮೂರು ತಪ್ಪುಗಳು ಒಂದೇ ಬೈಟ್‌ನಲ್ಲಿ ಬಿದ್ದರೆ ಒಂದು ಲೆಕ್ಕ, ಮೂರು ಬೈಟ್‌ಗಳಲ್ಲಿ ಚದುರಿ ಬಿದ್ದರೆ ಮೂರು ಲೆಕ್ಕ.

ಮೂರನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದ ಘಟ್ಟಕ್ಕೆ ಕೆಂಪು ಗುರುತು ಹಾಕಿ. ಬಿಟ್ ತಿರುಗುವುದಕ್ಕಿಂತ ಬಿಟ್ ಉದುರುವುದು ಅಥವಾ ಸೇರಿಕೊಳ್ಳುವುದು ಬಹಳ ಹೆಚ್ಚು ಅಪಾಯಕರ, ಮತ್ತು ವಿನ್ಯಾಸ ಮಾಡುವವರು ಹೆಚ್ಚಾಗಿ ಮರೆಯುವುದೂ ಇದನ್ನೇ.

ಹಂತ 2: ಸಂಕೋಚನದಲ್ಲಿ ಬೇಲಿಗಳನ್ನು ನಿಲ್ಲಿಸಿ

ಎಣಿಕೆ ಜಾರುವುದು ಹೇಗೆಂದು ಕೈಯಲ್ಲೇ ಲೆಕ್ಕ ಮಾಡಿ ನೋಡಬಹುದು. ಹೆಚ್ಚು ಬರುವ ಅಕ್ಷರಕ್ಕೆ ಚಿಕ್ಕ ಸಂಕೇತ ಕೊಡುವ ಹಫ್‌ಮನ್ ಮಾದರಿಯ ಒಂದು ಚಿಕ್ಕ ಕೋಡ್ ತೆಗೆದುಕೊಳ್ಳಿ: ಅ = 0, ಇ = 10, ಉ = 110, ಎ = 111. ‘ಇ ಅ ಉ ಅ ಎ ಇ’ ಎಂಬ ಆರು ಅಕ್ಷರಗಳ ಸಂದೇಶವು 100110011110 ಎಂದಾಗುತ್ತದೆ. ಮೊದಲ ಬಿಟ್ ಅನ್ನು ತಿರುಗಿಸಿದರೆ 000110011110. ಇದನ್ನು ಓದಿದಾಗ ಸಿಗುವುದು ‘ಅ ಅ ಅ ಉ ಅ ಎ ಇ’. ಡಿಕೋಡರ್ ಬೇಗನೆ ಹಾದಿಗೆ ಮರಳಿದೆ, ‘ಉ’ದಿಂದ ಮುಂದೆ ಎಲ್ಲವೂ ಸರಿಯಾಗಿದೆ. ಆದರೆ ಆರು ಅಕ್ಷರಗಳ ಜಾಗದಲ್ಲಿ ಏಳು ಬಂದಿವೆ. ಇವು ಚಿತ್ರವೊಂದರ ಬಿಂದುಗಳಾಗಿದ್ದರೆ ಉಳಿದ ಚಿತ್ರವೆಲ್ಲ ಒಂದು ಸ್ಥಾನ ಪಕ್ಕಕ್ಕೆ ಸರಿಯುತ್ತದೆ. ಹಿಂದಿನ ಮೌಲ್ಯದೊಡನೆ ಇರುವ ವ್ಯತ್ಯಾಸಗಳಾಗಿದ್ದರೆ, ತಪ್ಪಿದ ಮೊತ್ತವು ಕೊನೆಯವರೆಗೂ ಉಳಿದುಕೊಳ್ಳುತ್ತದೆ.

ಇದಕ್ಕೆ ಪರಿಹಾರವೆಂದರೆ ನಿಯತ ಅಂತರದಲ್ಲಿ ಬೇಲಿ ಹಾಕುವುದು. ಬೇಲಿಯ ಬಳಿ ಮೂರು ಕೆಲಸಗಳು ಒಟ್ಟಿಗೆ ಆಗಬೇಕು: ದತ್ತಾಂಶದಲ್ಲಿ ಬೇರೆಲ್ಲೂ ಬಾರದಂಥ ಗುರುತು ಇರಬೇಕು, ಡಿಕೋಡರ್‌ನ ಸ್ಥಿತಿಯು ಮೊದಲಿನಂತೆ ಖಾಲಿಯಾಗಬೇಕು, ಮತ್ತು ಇದು ಎಷ್ಟನೆಯ ಬೇಲಿ ಎಂಬುದು ತಿಳಿಯಬೇಕು. ಜೆಪೆಗ್ ಚಿತ್ರಗಳಲ್ಲಿ ಐಚ್ಛಿಕವಾಗಿ ಬಳಸಬಹುದಾದ ರೀಸ್ಟಾರ್ಟ್ ಗುರುತುಗಳು ಈ ಮೂರನ್ನೂ ಮಾಡುತ್ತವೆ. ಅವು 0ಯಿಂದ 7ರವರೆಗೆ ಸರದಿಯಲ್ಲಿ ಬರುವುದರಿಂದ ನಡುವೆ ಒಂದೆರಡು ತುಂಡು ಕಳೆದುಹೋದರೂ ಉಳಿದದ್ದನ್ನು ಅದರದರ ಜಾಗದಲ್ಲೇ ಕೂರಿಸಬಹುದು, ಮತ್ತು ಪ್ರತಿ ಗುರುತಿನ ಬಳಿ ವ್ಯತ್ಯಾಸದ ಲೆಕ್ಕವೂ ಸೊನ್ನೆಯಿಂದ ಆರಂಭವಾಗುತ್ತದೆ. ಬೀಜಿಪ್2 ತಂತ್ರಾಂಶವು ದತ್ತಾಂಶವನ್ನು 1 ಲಕ್ಷದಿಂದ 9 ಲಕ್ಷ ಬೈಟ್‌ಗಳ ಸ್ವತಂತ್ರ ಖಂಡಗಳಾಗಿ ಕುಗ್ಗಿಸುತ್ತದೆ. ಪ್ರತಿ ಖಂಡದ ತಲೆಯಲ್ಲಿ 48 ಬಿಟ್‌ಗಳ ಗುರುತೂ ಖಂಡ ಕೆಟ್ಟಿದೆಯೇ ಎಂದು ತಿಳಿಸುವ ಚೆಕ್‌ಸಮ್ ಎಂಬ ಸಂಖ್ಯೆಯೂ ಇರುವುದರಿಂದ, ಕೆಟ್ಟ ಖಂಡವೊಂದನ್ನು ಬಿಟ್ಟು ಉಳಿದವನ್ನು ಹೊರತೆಗೆಯುವ ಉಪಕರಣವೂ ಅದರ ಜೊತೆಗೇ ಬರುತ್ತದೆ. ಆ 48 ಬಿಟ್‌ಗಳು ಹನ್ನೆರಡು ಅಂಕಿಗಳಿಗೆ ಸರಿಹೊಂದಿಸಿದ ಪೈ ಸಂಖ್ಯೆಯೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಈ ಪಾಠವನ್ನು ನಾನು ಕಲಿತದ್ದು ನಷ್ಟದಿಂದ. ಹಲವು ವರ್ಷಗಳ ಧ್ವನಿಮುದ್ರಣಗಳನ್ನೂ ಟಿಪ್ಪಣಿಗಳನ್ನೂ ಒಂದೇ ಗಂಟು ಕಟ್ಟಿ, ಗಂಟಿನ ಉದ್ದಕ್ಕೂ ಒಂದೇ ಪ್ರವಾಹವಾಗಿ ಕುಗ್ಗಿಸಿ, ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೆ. ತೆರೆಯಲು ಹೋದಾಗ ಆರಂಭದ ಭಾಗದಲ್ಲಿದ್ದ ಒಂದೇ ಒಂದು ಸೆಕ್ಟರ್ ಓದಲಾಗದೆ ಹೋಯಿತು, ಅದರ ನಂತರವಿದ್ದ ಸಾವಿರಾರು ಕಡತಗಳು ಡಿಸ್ಕಿನ ಮೇಲೆ ಸುಸ್ಥಿತಿಯಲ್ಲಿದ್ದರೂ ನನ್ನ ಕೈಗೆ ಬರಲಿಲ್ಲ. ಕಡತಗಳನ್ನು ಒಂದೊಂದಾಗಿ ಕುಗ್ಗಿಸಿ ಆಮೇಲೆ ಗಂಟು ಕಟ್ಟಿದ್ದರೆ ಕಳೆದುಕೊಳ್ಳುತ್ತಿದ್ದದ್ದು ಒಂದೋ ಎರಡೋ ಕಡತಗಳನ್ನು ಮಾತ್ರ. ಸಂಗ್ರಹಕ್ಕಾಗಿ ಕುಗ್ಗಿಸುವವರು ತುಸು ದೊಡ್ಡ ಕಡತವನ್ನು ಒಪ್ಪಿಕೊಂಡು ಸ್ವತಂತ್ರ ಖಂಡಗಳನ್ನೇ ಆಯ್ದುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಖಂಡದ ಗಾತ್ರವನ್ನು ನಿಶ್ಚಯಿಸಲು ಒಂದು ಸರಳ ದಾರಿಯಿದೆ: ಒಂದು ದೋಷಕ್ಕೆ ಎಷ್ಟು ದತ್ತಾಂಶವನ್ನು ಕಳೆದುಕೊಳ್ಳಲು ಸಿದ್ಧರಿದ್ದೀರೆಂದು ಮೊದಲು ತೀರ್ಮಾನಿಸಿ, ಅದಕ್ಕಿಂತ ದೊಡ್ಡ ಖಂಡವನ್ನು ಎಂದೂ ಮಾಡಬೇಡಿ. ವಿಡಿಯೊದಲ್ಲಿ ಹಿಂದಿನ ಚೌಕಟ್ಟನ್ನು ಆಧರಿಸದೆ ನಿಲ್ಲುವ ಪೂರ್ಣ ಚೌಕಟ್ಟುಗಳ ನಡುವಿನ ಅಂತರವನ್ನೂ ಹೀಗೆಯೇ ನಿರ್ಧರಿಸಬೇಕು.

ಹಂತ 3: ಗೂಢಲಿಪಿಯ ವಿಧಾನವನ್ನು ತಿಳಿದು ಆರಿಸಿ

ಎಇಎಸ್ ಗೂಢಲಿಪಿಯನ್ನು, ಪ್ರತಿ ಖಂಡವನ್ನು ಹಿಂದಿನ ಗೂಢಖಂಡಕ್ಕೆ ಹೆಣೆಯುವ ಸಿಬಿಸಿ ವಿಧಾನದಲ್ಲಿ ಬಳಸಿದಾಗ, ಗೂಢಪಠ್ಯದ ಒಂದು ಬಿಟ್ ತಪ್ಪಿದರೆ 16 ಬೈಟ್‌ಗಳ ಇಡೀ ಖಂಡವು ಗುರುತು ಸಿಗದಂತೆ ಕೆಡುತ್ತದೆ ಮತ್ತು ಮುಂದಿನ ಖಂಡದಲ್ಲಿ ಅದೇ ಸ್ಥಾನದ ಒಂದು ಬಿಟ್ ತಿರುಗುತ್ತದೆ. ಅಲ್ಲಿಗೆ ಹಾನಿ ನಿಲ್ಲುತ್ತದೆ. ಎಣಿಕೆಯಿಂದ ಹುಟ್ಟಿಸಿದ ಸಾಲನ್ನು ದತ್ತಾಂಶಕ್ಕೆ ಕೂಡಿಸುವ ಕೌಂಟರ್ ವಿಧಾನದಲ್ಲಿ ಒಂದು ಬಿಟ್‌ಗೆ ಒಂದೇ ಬಿಟ್ ತಪ್ಪುತ್ತದೆ. ಆದರೂ ಹರಡುವಿಕೆ ಕಡಿಮೆಯೆಂಬ ಒಂದೇ ಕಾರಣಕ್ಕೆ ದೃಢೀಕರಣದ (ದತ್ತಾಂಶವನ್ನು ಯಾರೂ ಬದಲಿಸಿಲ್ಲವೆಂದು ಖಚಿತಪಡಿಸುವ) ಗುರುತಿಲ್ಲದ ಕೌಂಟರ್ ವಿಧಾನವನ್ನು ಬಳಸಬಾರದು, ಏಕೆಂದರೆ ಬೇಕೆಂದೇ ಬಿಟ್ ತಿರುಗಿಸುವವರಿಗೂ ಅದು ಅಷ್ಟೇ ಸಲೀಸು. ಸರಿಯಾದ ಕ್ರಮವೆಂದರೆ ಮೊದಲು ಗೂಢಲಿಪಿ ಮತ್ತು ದೃಢೀಕರಣ, ಅದರ ಹೊರಗೆ ದೋಷ ತಿದ್ದುವ ಕೋಡ್. ಆಗ ಗೂಢಲಿಪಿಯ ಘಟ್ಟಕ್ಕೆ ತಿದ್ದಿದ ಬಿಟ್‌ಗಳೇ ತಲುಪುತ್ತವೆ.

ಹಂತ 4: ಸ್ಕ್ರಾಂಬ್ಲರ್ ಮತ್ತು ಲೈನ್ ಕೋಡ್‌ಗಳ ಗುಣಕವನ್ನು ಲೆಕ್ಕ ಹಾಕಿ

ತಂತಿಯಲ್ಲಿ ಸೊನ್ನೆಗಳದೇ ದೀರ್ಘ ಸಾಲು ಬಂದರೆ ಸ್ವೀಕರಿಸುವ ಕಡೆಯ ಗಡಿಯಾರ ಹಾದಿ ತಪ್ಪುತ್ತದೆ. ಅದನ್ನು ತಪ್ಪಿಸಲು ಬಿಟ್‌ಗಳನ್ನು ಕಲಸುವುದೇ ಸ್ಕ್ರಾಂಬ್ಲರ್‌ನ ಕೆಲಸ. ಇದರಲ್ಲಿ ಎರಡು ಬಗೆಗಳಿವೆ. ತನ್ನದೇ ಹುಸಿ-ಯಾದೃಚ್ಛಿಕ ಸಾಲನ್ನು ದತ್ತಾಂಶಕ್ಕೆ ಕೂಡಿಸುವ ಬಗೆಯಲ್ಲಿ ಗುಣಕ ಒಂದೇ. ಆದರೆ ಎರಡೂ ತುದಿಗಳು ಒಂದೇ ಕ್ಷಣದಲ್ಲಿ ಆರಂಭವಾಗಬೇಕು. ತಾನಾಗಿಯೇ ಹೊಂದಿಕೊಳ್ಳುವ ಎರಡನೆಯ ಬಗೆಗೆ ಆ ಕಟ್ಟುಪಾಡಿಲ್ಲ, ಅದರ ಬೆಲೆಯನ್ನು ಮಾತ್ರ ದೋಷದ ರೂಪದಲ್ಲಿ ತೆರಬೇಕು. ಸೆಕೆಂಡಿಗೆ 10 ಗಿಗಾಬಿಟ್‌ನ ಈಥರ್ನೆಟ್‌ನಲ್ಲಿರುವ ಡಿಸ್ಕ್ರಾಂಬ್ಲರ್, ಈಗ ಬಂದ ಬಿಟ್‌ಗೆ 39 ಮತ್ತು 58 ಸ್ಥಾನ ಹಿಂದೆ ಬಂದ ಬಿಟ್‌ಗಳನ್ನು ಕೂಡಿಸುತ್ತದೆ. ಹೀಗಾಗಿ ತಂತಿಯಲ್ಲಿ ತಪ್ಪಿದ ಒಂದು ಬಿಟ್ ಮೂರು ಸಲ ಮುಖ ತೋರಿಸುತ್ತದೆ: ಈಗೊಮ್ಮೆ, 39 ಬಿಟ್ ಆದಮೇಲೊಮ್ಮೆ, 58 ಬಿಟ್ ಆದಮೇಲೆ ಇನ್ನೊಮ್ಮೆ. ಗುಣಕ 3, ಹರವು 59.

ಇಂಥ ಸ್ಕ್ರಾಂಬ್ಲರ್ ಬಳಸುವವರು ಎರಡು ಎಚ್ಚರಿಕೆಗಳನ್ನು ಪಾಲಿಸಬೇಕು. ಸ್ಕ್ರಾಂಬ್ಲರ್‌ನ ಬಹುಪದಕ್ಕೂ (ಯಾವ ಸ್ಥಾನದ ಬಿಟ್‌ಗಳನ್ನು ಕೂಡಿಸಬೇಕೆಂದು ಹೇಳುವ ಬೀಜಗಣಿತದ ಸೂತ್ರ) ಚೆಕ್‌ಸಮ್‌ನ ಬಹುಪದಕ್ಕೂ ಸಾಮಾನ್ಯ ಅಪವರ್ತನ ಇರಬಾರದು. ಇದ್ದರೆ, ಮೂರಾಗಿ ಹರಡಿದ ದೋಷಗಳು ಚೆಕ್‌ಸಮ್‌ನ ಕಣ್ಣು ತಪ್ಪಿಸುವ ಸಾಧ್ಯತೆ ಹೆಚ್ಚುತ್ತದೆ. ದೋಷ ತಿದ್ದುವ ಕೋಡ್ ಇದ್ದರೆ, ಹಂತ 1ರ ಸಾಮಾನ್ಯ ಅನುಕ್ರಮವನ್ನು ಬದಲಿಸಿ, ಅದರ ಡಿಕೋಡರ್ ಡಿಸ್ಕ್ರಾಂಬ್ಲರ್‌ಗಿಂತ ಮೊದಲು, ಅಂದರೆ ಚಾನೆಲ್‌ಗೆ ಹತ್ತಿರದಲ್ಲಿ, ಕೂರಬೇಕು.

1983ರಲ್ಲಿ ಐಬಿಎಂನ ವಿಡ್ಮರ್ ಮತ್ತು ಫ್ರಾನಸ್ಜೆಕ್ ಪ್ರಕಟಿಸಿದ ಎಂಟು ಬಿಟ್‌ಗೆ ಹತ್ತು ಬಿಟ್‌ನ ಲೈನ್ ಕೋಡ್‌ನಲ್ಲಿ ಪ್ರತಿ ಬೈಟ್‌ಗೂ ತನ್ನದೇ ಹತ್ತು ಬಿಟ್‌ಗಳಿವೆ. ಅವುಗಳಲ್ಲಿ ಒಂದು ತಪ್ಪಿದರೆ ಡಿಕೋಡ್ ಆದ ಬೈಟ್‌ನಲ್ಲಿ ಹಲವು ಬಿಟ್‌ಗಳು ಕೆಡಬಹುದು, ಆದರೆ ಹಾನಿ ಆ ಬೈಟನ್ನು ದಾಟುವುದಿಲ್ಲ. ಇಂಥ ಕಡೆ ಗಡಿಗಳನ್ನು ಹೊಂದಿಸುವುದೇ ಮುಖ್ಯ: ಲೈನ್ ಕೋಡ್‌ನ ಬೈಟ್ ಗಡಿಯೂ, ತಪ್ಪನ್ನು ಬೈಟ್ ಬೈಟಾಗಿ ಎಣಿಸಿ ತಿದ್ದುವ ರೀಡ್–ಸೊಲೊಮನ್ ಕೋಡ್‌ನ ಬೈಟ್ ಗಡಿಯೂ ಒಂದೇ ಆಗಿದ್ದರೆ, ಹರಡಿದ ಹಲವು ಬಿಟ್‌ಗಳನ್ನು ಅದು ಒಂದೇ ತಪ್ಪೆಂದು ಎಣಿಸುತ್ತದೆ. ಗಡಿಗಳು ಒಂದೆರಡು ಬಿಟ್ ಸರಿದಿದ್ದರೆ ಅದೇ ಹಾನಿ ಎರಡು ಬೈಟ್‌ಗಳನ್ನು ತಿನ್ನುತ್ತದೆ ಮತ್ತು ತಿದ್ದುವ ಸಾಮರ್ಥ್ಯ ಅರ್ಧಕ್ಕಿಳಿಯುತ್ತದೆ. ಈ ಕೋಡ್‌ನಲ್ಲಿ ಸೊನ್ನೆ–ಒಂದುಗಳ ಸಮತೋಲ ತಪ್ಪಿದೆಯೆಂಬ ಎಚ್ಚರಿಕೆಯು ಕೆಲವೊಮ್ಮೆ ನಿಜವಾಗಿ ಕೆಟ್ಟ ಬೈಟ್‌ಗಿಂತ ತಡವಾಗಿ ಬರುತ್ತದೆ. ಎಚ್ಚರಿಕೆ ಬಂದ ಬೈಟೇ ಅಪರಾಧಿಯೆಂದು ಕುರುಡಾಗಿ ನಂಬಬಾರದು.

ಹಂತ 5: ದೋಷದ ಸಾಲನ್ನು ಎರಡು ತುದಿಗಳಿಗೆ ಇಳಿಸಿ

ವೇಗದ ತಂತಿಗಳಲ್ಲಿ ಹಿಂದಿನ ಸಂಕೇತದ ಬಾಲವು ಮುಂದಿನದರ ಮೇಲೆ ಬೀಳುತ್ತದೆ. ನಿರ್ಣಯವನ್ನು ಹಿಂದಕ್ಕೆ ಉಣಿಸುವ ಈಕ್ವಲೈಸರ್, ಹಿಂದಿನ ಬಿಟ್ ಏನೆಂದು ತಾನು ನಿರ್ಣಯಿಸಿದೆಯೋ ಅದರ ಬಾಲವನ್ನು ಕಳೆದು ಮುಂದಿನದನ್ನು ಓದುತ್ತದೆ. ನಿರ್ಣಯವೇ ತಪ್ಪಿದ್ದರೆ ಕಳೆಯಬೇಕಾದ ಕಡೆ ಕೂಡಿಸಿದಂತಾಗಿ ಮುಂದಿನ ನಿರ್ಣಯವೂ ಅಪಾಯಕ್ಕೆ ಸಿಲುಕುತ್ತದೆ. ಬಾಲವು ಮೂಲ ಸಂಕೇತದಷ್ಟೇ ಬಲವಾಗಿದ್ದಾಗ, ಎರಡು ಮಟ್ಟಗಳ ಸಂಕೇತದಲ್ಲಿ ತಪ್ಪು ಮುಂದುವರಿಯುವ ಸಂಭವ ಅರ್ಧ, ನಾಲ್ಕು ಮಟ್ಟಗಳ ಸಂಕೇತದಲ್ಲಿ ಮುಕ್ಕಾಲು. ಅಂದರೆ ನಾಲ್ಕು ಮಟ್ಟಗಳಲ್ಲಿ ಒಂದು ತಪ್ಪು ಸರಾಸರಿ ನಾಲ್ಕು ಸಂಕೇತಗಳ ಸಾಲಾಗಿ ಬೆಳೆಯುತ್ತದೆ.

ಇದಕ್ಕೆ ಮದ್ದು ಪೂರ್ವಸಂಕೇತನ. ಎರಡು ಮಟ್ಟಗಳ ಉದಾಹರಣೆಯಲ್ಲಿ ಹೇಳುವುದಾದರೆ, ಕಳುಹಿಸುವ ಕಡೆ ಪ್ರತಿ ಬಿಟ್ ಅನ್ನು ತಾನು ಈಗತಾನೇ ಕಳುಹಿಸಿದ ಬಿಟ್‌ಗೆ ‘ಎಕ್ಸ್‌ಆರ್’ ಮಾಡಿ (ಎರಡೂ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1) ಕಳುಹಿಸಿ. ಸ್ವೀಕರಿಸುವ ಕಡೆ ಪಕ್ಕಪಕ್ಕದ ಎರಡು ಬಿಟ್‌ಗಳನ್ನು ಎಕ್ಸ್‌ಆರ್ ಮಾಡಿ ಓದಿ. ಸಾಲಾಗಿ ಹತ್ತು ಬಿಟ್‌ಗಳು ತಿರುಗಿದ್ದರೆ, ಸಾಲಿನ ಒಳಗೆ ಪಕ್ಕಪಕ್ಕದ ಎರಡೂ ತಪ್ಪಾಗಿರುವುದರಿಂದ ತಪ್ಪು ತಪ್ಪಿಗೆ ರದ್ದಾಗಿ, ಸಾಲು ಆರಂಭವಾದ ಕಡೆ ಒಂದು ಮತ್ತು ಮುಗಿದ ಕಡೆ ಇನ್ನೊಂದು, ಹೀಗೆ ಎರಡೇ ತಪ್ಪುಗಳು ಉಳಿಯುತ್ತವೆ. ಬಿಡಿಯಾಗಿ ಬಂದ ಒಂಟಿ ತಪ್ಪು ಮಾತ್ರ ಎರಡಾಗುತ್ತದೆ. ಆದ್ದರಿಂದ ದೋಷಗಳು ಸಾಲುಸಾಲಾಗಿ ಬರುವ ತಂತಿಯಲ್ಲಿ ಇದು ವರ, ಒಂಟಿಯಾಗಿ ಬರುವ ತಂತಿಯಲ್ಲಿ ಹೊರೆ. ಅಳೆದು ನೋಡದೆ ಬಳಸಬಾರದು. ನಾಲ್ಕು ಮಟ್ಟಗಳ ಸಂಕೇತಕ್ಕೆ ಜೊತೆಯಲ್ಲಿ ಗ್ರೇ ಕೋಡ್ ಬಳಸಿ, ನೆರೆಯ ಮಟ್ಟಕ್ಕೆ ಜಾರಿದಾಗ ಎರಡು ಬಿಟ್‌ಗಳ ಬದಲು ಒಂದೇ ಬಿಟ್ ತಪ್ಪುವಂತೆ ಮಾಡಬೇಕು. ಗಣಕದ ಒಳಗಿನ ಭಾಗಗಳನ್ನು ಜೋಡಿಸುವ, 2022ರಲ್ಲಿ ಹೊರಬಂದ ಪಿಸಿಐ ಎಕ್ಸ್‌ಪ್ರೆಸ್ 6.0 ಮಾನದಂಡದಲ್ಲಿ ಗ್ರೇ ಕೋಡ್, ಪೂರ್ವಸಂಕೇತನ, ಮೂರು ಎಳೆಗಳಾಗಿ ಇಂಟರ್‌ಲೀವ್ ಮಾಡಿದ ತಿದ್ದುಪಡಿ ಕೋಡ್ ಈ ಮೂರೂ ಒಟ್ಟಿಗೆ ಸೇರಿವೆ.

ಹಂತ 6: ತಿದ್ದುವ ಕೋಡೇ ದೋಷವನ್ನು ಹರಡದಂತೆ ನೋಡಿಕೊಳ್ಳಿ

ಪ್ರತಿ ಬಿಟ್ ಅನ್ನು ಅದರ ಹಿಂದಿನ ಕೆಲವು ಬಿಟ್‌ಗಳೊಡನೆ ಬೆರೆಸಿ ಕಳುಹಿಸುವ ಕನ್ವಲ್ಯೂಷನಲ್ ಕೋಡ್ ಬಳಸುವುದಾದರೆ ಅದರ ಜನಕ ಬಹುಪದಗಳಿಗೆ ಸಾಮಾನ್ಯ ಅಪವರ್ತನವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಒಂದು ಶಾಖೆಯು ಈಗಿನ ಬಿಟ್‌ಗೆ ಅದರ ಹಿಂದಿನದನ್ನೂ, ಇನ್ನೊಂದು ಶಾಖೆಯು ಈಗಿನ ಬಿಟ್‌ಗೆ ಎರಡು ಸ್ಥಾನ ಹಿಂದಿನದನ್ನೂ ಎಕ್ಸ್‌ಆರ್ ಲೆಕ್ಕದಲ್ಲಿ ಕೂಡಿಸುವ ಎನ್‌ಕೋಡರ್ ಮೇಲ್ನೋಟಕ್ಕೆ ನಿರಪಾಯಕಾರಿ. ಅದಕ್ಕೆ ಕೊನೆಯಿಲ್ಲದೆ 1, 1, 1 ಎಂದು ಉಣಿಸಿ ನೋಡಿ: ಮೊದಲ ಶಾಖೆಯಿಂದ 1, 0, 0, 0… ಎಂದೂ ಎರಡನೆಯದರಿಂದ 1, 1, 0, 0… ಎಂದೂ ಹೊರಬರುತ್ತದೆ. ಒಟ್ಟು ಮೂರೇ ಒಂದುಗಳು. ಆ ಮೂರು ಬಿಟ್‌ಗಳು ಚಾನೆಲ್‌ನಲ್ಲಿ ತಿರುಗಿದರೆ ಡಿಕೋಡರ್ ಎಲ್ಲವನ್ನೂ ಸೊನ್ನೆಯೆಂದು ಓದುತ್ತದೆ, ಮೂರು ತಪ್ಪುಗಳು ಅನಂತ ತಪ್ಪುಗಳಾಗುತ್ತವೆ. ಇಂಥವನ್ನು ಕ್ಯಾಟಸ್ಟ್ರೊಫಿಕ್ ಕೋಡ್ ಎನ್ನುತ್ತಾರೆ.

ಒಳ್ಳೆಯ ಕನ್ವಲ್ಯೂಷನಲ್ ಕೋಡ್‌ನಲ್ಲೂ ಅದನ್ನು ಓದುವ ವಿಟರ್ಬಿ ಡಿಕೋಡರ್ ತಪ್ಪಿದಾಗ ಗುಂಪಾಗಿ ತಪ್ಪುತ್ತದೆ. ಅದಕ್ಕಾಗಿಯೇ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಅದರ ಹೊರಗೆ ರೀಡ್–ಸೊಲೊಮನ್ ಕೋಡ್ ಇತ್ತು: 255 ಬೈಟ್‌ಗಳಲ್ಲಿ 223 ದತ್ತಾಂಶ, ಉಳಿದ 32 ತಿದ್ದುಪಡಿಗೆ, ಹೀಗಾಗಿ ಎಲ್ಲಿ ಬಿದ್ದರೂ 16 ಬೈಟ್‌ಗಳ ತಪ್ಪನ್ನು ತಿದ್ದಬಲ್ಲದು.

ಹಂತ 7: ಇಂಟರ್‌ಲೀವಿಂಗ್‌ನ ಆಳವನ್ನು ಅಳತೆ ನೋಡಿ ಹೊಲಿಯಿರಿ

ಲೆಕ್ಕ ಹೀಗಿದೆ. ನಿಮ್ಮ ಸರಪಳಿಯಲ್ಲಿ ತಿದ್ದುವ ಕೋಡ್‌ಗೆ ತಲುಪುವ ಅತಿ ಉದ್ದದ ದೋಷದ ಸಾಲು ಎಷ್ಟೆಂದು ಹಂತ 1ರ ಹರವಿನ ಲೆಕ್ಕದಿಂದ ತೆಗೆಯಿರಿ. ಅದನ್ನು ಕೋಡ್ ತಿದ್ದಬಲ್ಲ ಬೈಟ್‌ಗಳ ಸಂಖ್ಯೆಯಿಂದ ಭಾಗಿಸಿ, ಮೇಲಿನ ಪೂರ್ಣಾಂಕಕ್ಕೆ ಏರಿಸಿದರೆ ಕನಿಷ್ಠ ಆಳ ಸಿಗುತ್ತದೆ. 16 ಬೈಟ್ ತಿದ್ದುವ ಕೋಡ್‌ಗೆ ಐದರ ಆಳ ಕೊಟ್ಟರೆ, ಐದು ಪದಗಳ (ತಿದ್ದುಪಡಿಯ ಬೈಟ್‌ಗಳೂ ಸೇರಿದ, ಕೋಡ್‌ನ ಒಂದೊಂದು ಪೂರ್ಣ ಗುಂಪಿಗೆ ಪದವೆನ್ನುತ್ತಾರೆ) ಬೈಟ್‌ಗಳನ್ನು ಸರದಿಯಲ್ಲಿ ಕಳುಹಿಸುವುದರಿಂದ, 80 ಬೈಟ್‌ಗಳ ಸಾಲೂ ಪದವೊಂದಕ್ಕೆ 16ರಂತೆ ಹಂಚಿಹೋಗುತ್ತದೆ. ಆಳ ಹೆಚ್ಚಿಸಿದಷ್ಟೂ ಕಾಯುವ ಸಮಯ ಹೆಚ್ಚುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಸಂಗ್ರಹಕ್ಕೆ ಅದು ಅಡ್ಡಿಯಲ್ಲ, ಫೋನ್ ಸಂಭಾಷಣೆಗೆ ಅಡ್ಡಿ.

ಈ ವಿದ್ಯೆಯ ಸೊಗಸನ್ನು 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಕಾಣಬಹುದು. ಅದರಲ್ಲಿ ಎರಡು ರೀಡ್–ಸೊಲೊಮನ್ ಕೋಡ್‌ಗಳಿವೆ: 24 ಬೈಟ್‌ಗಳ ಧ್ವನಿಗೆ ನಾಲ್ಕು ಸೇರಿ 28, ಅದಕ್ಕೆ ಮತ್ತೆ ನಾಲ್ಕು ಸೇರಿ 32. ನಡುವೆ ಪ್ರತಿ ಬೈಟನ್ನೂ ಬೇರೆಬೇರೆ ಅವಧಿಗೆ ತಡೆದು, ಒಂದು ಪದದ ಬೈಟ್‌ಗಳನ್ನು ನಾಲ್ಕು ನಾಲ್ಕು ಚೌಕಟ್ಟುಗಳ ಅಂತರದಲ್ಲಿ, ಒಟ್ಟು 108 ಚೌಕಟ್ಟುಗಳ ಉದ್ದಕ್ಕೆ ಹರಡಲಾಗುತ್ತದೆ. ಓದುವಾಗ ಮೊದಲ ಡಿಕೋಡರ್ ಚಿಕ್ಕ ತಪ್ಪುಗಳನ್ನು ತಿದ್ದುತ್ತದೆ, ತನ್ನ ಶಕ್ತಿಗೆ ಮೀರಿದ್ದನ್ನು ಕಂಡರೆ ಊಹಿಸಲು ಹೋಗದೆ ಆ ಚೌಕಟ್ಟಿನ ಬೈಟ್‌ಗಳಿಗೆಲ್ಲ ‘ನಂಬಬೇಡಿ’ ಎಂಬ ಗುರುತು ಹಾಕಿ ಬಿಡುತ್ತದೆ. ತಪ್ಪಿನ ಸ್ಥಾನ ಗೊತ್ತಿದ್ದಾಗ ತಿದ್ದುವ ಶಕ್ತಿ ಇಮ್ಮಡಿಯಾಗುತ್ತದೆ: ನಾಲ್ಕು ಹೆಚ್ಚುವರಿ ಬೈಟ್‌ಗಳಿಂದ ಎಲ್ಲಿವೆಯೆಂದು ತಿಳಿಯದ ಎರಡು ತಪ್ಪುಗಳನ್ನಷ್ಟೇ ತಿದ್ದಬಹುದು, ಗುರುತು ಹಾಕಿದ್ದರೆ ನಾಲ್ಕನ್ನೂ ತುಂಬಬಹುದು. ಹೀಗಾಗಿ ಸುಮಾರು 4000 ಬಿಟ್‌ಗಳ, ತಟ್ಟೆಯ ಮೇಲೆ ಸುಮಾರು 2.5 ಮಿಲಿಮೀಟರ್ ಉದ್ದದ ಗೀರು ಬಿದ್ದರೂ ಧ್ವನಿಯು ಪೂರ್ತಿಯಾಗಿ ಮರಳಿ ಸಿಗುತ್ತದೆ. ನೀವು ರೂಪಿಸುವ ಯಾವ ವ್ಯವಸ್ಥೆಯಲ್ಲೂ ಒಳಗಿನ ಡಿಕೋಡರ್‌ಗೆ ‘ನನಗೆ ಗೊತ್ತಿಲ್ಲ’ ಎಂದು ಹೇಳುವ ದಾರಿ ಇರಲಿ.

ಹಂತ 8: ಬೇಕಾದ ಕಡೆ ಕ್ರಮವನ್ನೇ ತಿರುಗಿಸಿ

ಕಾಂತೀಯ ಡಿಸ್ಕುಗಳಲ್ಲಿ ಬರೆಯುವ ಸಾಲು ಕೆಲವು ನಿಯಮಗಳಿಗೆ ಒಳಪಡಬೇಕಾದ್ದರಿಂದ ತಿದ್ದುವ ಕೋಡ್ ಆದಮೇಲೆ, ಸಾಲನ್ನು ಆ ನಿಯಮಗಳಿಗೆ ಹೊಂದಿಸುವ ಮಾಡ್ಯುಲೇಷನ್ ಕೋಡ್ ಬರುವುದು ವಾಡಿಕೆ. ಮಾಡ್ಯುಲೇಷನ್ ಕೋಡ್‌ನ ಪದಗಳು ನೂರಾರು ಬಿಟ್‌ಗಳಷ್ಟು ಉದ್ದವಿದ್ದರೆ ಒಂದು ಬಿಟ್‌ನ ತಪ್ಪು ಆ ಪದವನ್ನೆಲ್ಲ ಕೆಡಿಸಿ, ಅಷ್ಟೂ ಹಾನಿಯನ್ನು ತಿದ್ದುವ ಕೋಡ್‌ನ ತಲೆಗೆ ಕಟ್ಟುತ್ತದೆ. ಇಲ್ಲಿ ಕ್ರಮವನ್ನು ತಿರುಗಿಸಬಹುದು: ದತ್ತಾಂಶವನ್ನು ಮೊದಲು ಮಾಡ್ಯುಲೇಷನ್ ಕೋಡ್‌ಗೆ ಒಳಪಡಿಸಿ, ಬಂದ ಸಾಲಿನ ಮೇಲೆ ತಿದ್ದುಪಡಿಯ ಬಿಟ್‌ಗಳನ್ನು ಲೆಕ್ಕ ಹಾಕಿ, ಆ ಕೆಲವೇ ಬಿಟ್‌ಗಳಿಗೆ ಮಾತ್ರ ಹರವು ಕಡಿಮೆಯಿರುವ ಪ್ರತ್ಯೇಕ ಚಿಕ್ಕ ಮಾಡ್ಯುಲೇಷನ್ ಕೋಡ್ ಬಳಸಿ. ಓದುವಾಗ ಮೊದಲು ತಿದ್ದುಪಡಿ ನಡೆಯುತ್ತದೆ, ಮಾಡ್ಯುಲೇಷನ್ ಡಿಕೋಡರ್‌ಗೆ ಶುದ್ಧವಾದ ಸಾಲು ಸಿಗುತ್ತದೆ, ಹರಡಲು ದೋಷವೇ ಇರುವುದಿಲ್ಲ. ಚಾನೆಲ್‌ನಿಂದ ಬಂದ ಪ್ರತಿ ಬಿಟ್ ಎಷ್ಟು ಸಂದೇಹಾಸ್ಪದವೆಂಬ ಪ್ರಮಾಣಗಳನ್ನು ನೇರವಾಗಿ ತಿದ್ದುವ ಕೋಡ್‌ಗೆ ಕೊಡಬಹುದಾದ್ದರಿಂದ, ಅವನ್ನು ಬಳಸಿಕೊಳ್ಳಬಲ್ಲ ಎಲ್‌ಡಿಪಿಸಿ ಕೋಡ್‌ಗಳಿಗೂ ಈ ಕ್ರಮ ಅನುಕೂಲ.

ಹಂತ 9: ಬೇಕೆಂದೇ ಕೆಡಿಸಿ ಪರೀಕ್ಷಿಸಿ

ವ್ಯವಸ್ಥೆ ಸಿದ್ಧವಾದ ಮೇಲೆ ಅದರ ಪ್ರತಿಯೊಂದು ಗಡಿಯಲ್ಲೂ ಕೈಯಾರೆ ದೋಷ ತುಂಬಿ ನೋಡಿ. ಮೊದಲು ಒಂದು ಬಿಟ್ ತಿರುಗಿಸಿ, ಆಮೇಲೆ ಸಾಲುಗಳನ್ನು ಬೆಳೆಸುತ್ತ ಹೋಗಿ, ಕೊನೆಗೆ ಒಂದು ಬಿಟ್ ಅನ್ನು ಅಳಿಸಿ ಮತ್ತು ಒಂದನ್ನು ತೂರಿಸಿ. ಪ್ರತಿ ಸಲವೂ ಹೊರಗೆ ಬಂದ ತಪ್ಪುಗಳ ಸಂಖ್ಯೆಯನ್ನೂ ಹರವನ್ನೂ ಹಂತ 1ರಲ್ಲಿ ಬರೆದಿಟ್ಟ ಅಂಕಿಗಳಿಗೆ ಹೋಲಿಸಿ. ಬಿಟ್ ಅಳಿಸಿದಾಗ ಮುಂದಿನ ಬೇಲಿಯವರೆಗೆ ಮಾತ್ರ ಹಾನಿಯಾಗಬೇಕು. ಅದನ್ನು ದಾಟಿದರೆ ಬೇಲಿಯ ಬಳಿ ಖಾಲಿಯಾಗದ ಯಾವುದೋ ಸ್ಥಿತಿ ಡಿಕೋಡರ್‌ನಲ್ಲಿ ಉಳಿದಿದೆ ಎಂದರ್ಥ. ದೋಷದ ಸಾಲು ಕೋಡ್‌ನ ಮಿತಿಯನ್ನು ದಾಟಿದಾಗ ತಿದ್ದುವ ಡಿಕೋಡರ್ ಏನು ಮಾಡುತ್ತದೆಂಬುದನ್ನು ವಿಶೇಷವಾಗಿ ಗಮನಿಸಿ. ಅದು ಕೆಲವೊಮ್ಮೆ ಬೇರೊಂದು ಸರಿಯಾದ ಪದಕ್ಕೆ ‘ತಿದ್ದಿ’, ಇಲ್ಲದ ತಪ್ಪುಗಳನ್ನು ತಾನೇ ಸೇರಿಸಿ, ಎಲ್ಲವೂ ಸರಿಯಿದೆಯೆಂದು ವರದಿ ಮಾಡುತ್ತದೆ. ಇದನ್ನು ಹಿಡಿಯಲು ಮೂಲ ದತ್ತಾಂಶದ ಪ್ರತಿ ಖಂಡಕ್ಕೂ, ತಿದ್ದುವ ಕೋಡ್‌ನ ಒಳಭಾಗದಲ್ಲಿ, 32 ಬಿಟ್‌ಗಳ ಸಿಆರ್‌ಸಿ ಎಂಬ ಚೆಕ್‌ಸಮ್ಮನ್ನಾದರೂ ಇಟ್ಟಿರಬೇಕು, ಮತ್ತು ತಿದ್ದುಪಡಿ ಮುಗಿದ ಮೇಲೆ ಅದನ್ನು ತಪ್ಪದೆ ಪರಿಶೀಲಿಸಬೇಕು. ಸಿಆರ್‌ಸಿ ಹೊಂದದ ಖಂಡವನ್ನು ಓದುಗನಿಗೆ ಸರಿಯೆಂದು ಕೊಡದೆ, ಕಳೆದುಹೋಗಿದೆ ಎಂಬ ಗುರುತಿನೊಡನೆ ಮುಂದಿನ ಘಟ್ಟಕ್ಕೆ ದಾಟಿಸಿ. ಅಲ್ಲಿ ಇನ್ನೊಂದು ಪ್ರತಿಯೋ ಹೊರಗಿನ ಇನ್ನೊಂದು ಕೋಡೋ ಇದ್ದರೆ ಖಾಲಿ ಜಾಗವನ್ನು ಅದು ತುಂಬಿಕೊಳ್ಳುತ್ತದೆ.